ಓರೆ ಹಿಡಿದು ನೋಡುವ ಕಾರ್ಡು

2012ರ ಜುಲೈ 23, ಸೋಮವಾರ. ಮಧ್ಯಾಹ್ನದ ಚಹಾದ ಲೋಟ ಹಿಡಿದು ಕಚೇರಿಯ ನನ್ನ ಮೇಜಿಗೆ ಮರಳುತ್ತಿದ್ದಾಗ, ಪಕ್ಕದ ಸಾಲಿನ ಸಹೋದ್ಯೋಗಿಯೊಬ್ಬರು ಕುರ್ಚಿಯನ್ನು ಅರ್ಧ ತಿರುಗಿಸಿ, ನಮ್ಮೂರಿನ ಸಿಯಾಟಲ್ ಮ್ಯಾರಿನರ್ಸ್ ತಂಡದ ಜಪಾನಿ ಬೇಸ್‌ಬಾಲ್ ಆಟಗಾರ ಇಚಿರೊ ಸುಜುಕಿಯನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಕೊಟ್ಟುಬಿಟ್ಟರಂತೆ ಎಂದು ಹೇಳಿದರು. ನಾಳೆ ಮಳೆ ಬರಬಹುದು ಎನ್ನುವಷ್ಟೇ ಸಹಜವಾಗಿ ಅವರು ಹೇಳಿದ ಆ ಮಾತಿಗೆ ಏನು ಉತ್ತರಿಸಬೇಕೆಂದು ನನಗೆ ತೋಚಲಿಲ್ಲ. ಅಂದು ಸಂಜೆ ಸಿಯಾಟಲ್‌ನ ಸೇಫ್ಕೋ ಫೀಲ್ಡ್ ಕ್ರೀಡಾಂಗಣದಲ್ಲಿ ಮ್ಯಾರಿನರ್ಸ್ ಮತ್ತು ಯಾಂಕೀಸ್ ತಂಡಗಳದೇ ಆಟವಿತ್ತು. ಅದರ ಎರಡು ಟಿಕೆಟ್‌ಗಳನ್ನು ನಾನು ತಿಂಗಳ ಹಿಂದೆಯೇ ಕೊಂಡಿಟ್ಟಿದ್ದೆ. ಎಂಟು ತುಂಬಲು ಇನ್ನೆರಡು ತಿಂಗಳಿದ್ದ ಮಗಳಿಗೆ, ಇಚಿರೊ ಬ್ಯಾಟು ಬೀಸುವುದನ್ನು ಹತ್ತಿರದಿಂದ ತೋರಿಸುತ್ತೇನೆಂದು ಮಾತನ್ನೂ ಕೊಟ್ಟಿದ್ದೆ. ಮಾತು ತಪ್ಪುವ ಪ್ರಸಂಗವೇನೂ ಬರಲಿಲ್ಲ. ಆತ ಅಂದೇ ಸಂಜೆ, ಅದೇ ಮೈದಾನದಲ್ಲಿ, ಎದುರಾಳಿಯ ಉಡುಪು ತೊಟ್ಟು ಆಡುವವನಿದ್ದ. ಹನ್ನೊಂದೂವರೆ ವರ್ಷ ತನ್ನದಾಗಿದ್ದ ಕೋಣೆಯಿಂದ ಹೊರಟು ಅದೇ ಕಟ್ಟಡದ ಇನ್ನೊಂದು ಕೋಣೆಗೆ ನಡೆದುಹೋದರೆ ಸಾಕಿತ್ತು.

ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಬೆಳೆದವನಿಗೆ ಬೇಸ್‌ಬಾಲ್ ಆಟಗಾರನೊಬ್ಬನ ಮೇಲೆ ಇಷ್ಟು ಮಮಕಾರ ಹುಟ್ಟಿದ್ದು ಹೇಗೆ ಎಂದು ಊರಿಗೆ ಹೋದಾಗಲೆಲ್ಲ ಕೇಳುವವರಿದ್ದಾರೆ. ಕೋಲ್ಕತ್ತದಲ್ಲಿ ಲಕ್ಷ್ಮಣ್ ಮತ್ತು ದ್ರಾವಿಡ್ 376 ರನ್‌ಗಳ ಜೊತೆಯಾಟ ಆಡಿ ಎರಡು ವಾರ ಕಳೆದಿತ್ತು, ಅಷ್ಟೇ; 2001ರ ಮಾರ್ಚ್ ಕೊನೆಯಲ್ಲಿ ನಾನು ಸಿಯಾಟಲ್‌ಗೆ ಬಂದಿಳಿದೆ. ಏಪ್ರಿಲ್ 2ರಂದು ಇಚಿರೊ ಅದೇ ಊರಿನಲ್ಲಿ ಮ್ಯಾರಿನರ್ಸ್ ಪರವಾಗಿ ತನ್ನ ಮೊದಲ ಆಟ ಆಡಿದ. ಕ್ರಿಕೆಟ್ಟಿನ ಗುಂಗು ಇನ್ನೂ ಇಳಿಯದಿದ್ದ ನನಗೆ ಅಮೆರಿಕದ ಆಟದಲ್ಲಿ ಎಲ್ಲರೂ ಚೆಂಡನ್ನು ಆಕಾಶಕ್ಕೆ ಎತ್ತಿ ಹೊಡೆಯುವವರಂತೆಯೇ ಕಂಡಿದ್ದರು. ಅವರ ನಡುವೆ ಈ ಎಡಗೈ ಬ್ಯಾಟುಗಾರ ಒಬ್ಬನೇ ಚೆಂಡನ್ನು ನೆಲಕ್ಕೆ ಒತ್ತಿ, ಕ್ಷೇತ್ರರಕ್ಷಕರಿಬ್ಬರ ನಡುವಿನ ಸಂದಿಯನ್ನು ಹುಡುಕಿ ತೂರಿಸಿ, ಬ್ಯಾಟು ಬೀಸುತ್ತಿರುವಾಗಲೇ ಕಾಲು ಕಿತ್ತು ಮೊದಲ ನೆಲೆಯತ್ತ, ಅಂದರೆ ಫಸ್ಟ್ ಬೇಸಿನತ್ತ, ಓಡುತ್ತಿದ್ದ. ನಮ್ಮ ಕಡೆ ಕದ್ದ ಒಂಟಿ ರನ್ನು ಎನ್ನುತ್ತೇವಲ್ಲ, ಅದನ್ನೇ ಆತ ಒಂದು ಕಲೆಯನ್ನಾಗಿ ಮಾಡಿಕೊಂಡಿದ್ದ. ಆ ವರ್ಷ ಚೆಂಡು ಹೊಡೆದು ನೆಲೆ ಸೇರಿದ 242 ಹಿಟ್‌ಗಳು, ಎದುರಾಳಿಯ ಕಣ್ತಪ್ಪಿಸಿ ಓಡಿ ಸೇರಿದ 56 ಕದ್ದ ನೆಲೆಗಳು, ಸಾವಿರ ಸರದಿಗೆ 350 ಹಿಟ್‌ಗಳ ಲೆಕ್ಕದ .350 ಸರಾಸರಿ, ಅಮೆರಿಕನ್ ಲೀಗಿನ ವರ್ಷದ ಹೊಸ ಆಟಗಾರ ಮತ್ತು ಅತ್ಯಂತ ಮೌಲ್ಯಯುತ ಆಟಗಾರ ಎಂಬ ಎರಡೂ ಪ್ರಶಸ್ತಿಗಳು ಒಟ್ಟಿಗೆ ಬಂದವು. ತಂಡ 116 ಆಟಗಳನ್ನು ಗೆದ್ದು, 1906ರಲ್ಲಿ ಷಿಕಾಗೊ ಕಬ್ಸ್ ಮಾಡಿದ್ದ ದಾಖಲೆಯನ್ನು ಸರಿಗಟ್ಟಿತು. ಸಂಖ್ಯೆಗಳ ಮಾತು ಇರಲಿ. ಪ್ರತಿ ಎಸೆತಕ್ಕೆ ಮೊದಲು ಬಲಗೈಯಲ್ಲಿ ಬ್ಯಾಟನ್ನು ನೆಟ್ಟಗೆ ಎಸೆತಗಾರನ ಕಡೆಗೆ ಚಾಚಿ, ಎಡಗೈಯಿಂದ ಬಲತೋಳಿನ ಬಟ್ಟೆಯನ್ನು ಮೆಲ್ಲಗೆ ಎಳೆದುಕೊಳ್ಳುವ ಆತನ ಭಂಗಿ, ಸಂಧ್ಯಾವಂದನೆಗೆ ಕೂತವರ ಕೈಚಲನೆಯಂತೆ ಒಮ್ಮೆಯೂ ತಪ್ಪದೆ ನಡೆಯುತ್ತಿತ್ತು; ನನ್ನನ್ನು ಹಿಡಿದಿಟ್ಟದ್ದು ಮುಖ್ಯವಾಗಿ ಅದು.

ಕಾರ್ಡಿನ ಹುಚ್ಚು ಅದರ ಬೆನ್ನಿಗೇ ಬಂತು. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದ ಮೇಲಿನ ಚಿತ್ರಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಗೋಡೆಗೆ ಅಂಟಿಸಿ ಒಣಗಿಸಿ ಕೂಡಿಡುತ್ತಿದ್ದೆ. ಆಮೇಲೆ ಬಬಲ್ ಗಮ್ ಜೊತೆಗೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳನ್ನು ಕೂಡಿಟ್ಟೆ. ಸಿಯಾಟಲ್‌ನ ಕಿರಾಣಿ ಅಂಗಡಿಯ ಹಣ ಕೊಡುವ ಕಟ್ಟೆಯ ಪಕ್ಕದಲ್ಲಿ ಬೇಸ್‌ಬಾಲ್ ಕಾರ್ಡಿನ ಪ್ಯಾಕೆಟ್ಟುಗಳು ನೇತಾಡುತ್ತಿದ್ದುದನ್ನು ಕಂಡಾಗ ಆ ಹಳೆಯ ಬೆರಳಿನ ತುರಿಕೆ ಮರಳಿತು. ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದದ ರಟ್ಟು. ಮುಂದೆ ಆಟಗಾರನ ಚಿತ್ರ, ಹಿಂದೆ ವರ್ಷವಾರು ಲೆಕ್ಕ. ಮೊದಲ ಪ್ಯಾಕೆಟ್ಟಿನಲ್ಲಿ ಇಚಿರೊ ಸಿಗಲಿಲ್ಲ, ಎರಡನೆಯದರಲ್ಲೂ ಇಲ್ಲ. ಮೂರನೆಯದರ ಹೊತ್ತಿಗೆ ನಾನು ಪ್ಯಾಕೆಟ್ಟಿನ ಬೆನ್ನಿನ ಸಣ್ಣ ಅಕ್ಷರಗಳನ್ನು ಓದಲು ಕಲಿತಿದ್ದೆ.

ಆ ಸಣ್ಣ ಅಕ್ಷರಗಳಲ್ಲೇ ಈ ವ್ಯಾಪಾರದ ಗುಟ್ಟೆಲ್ಲ ಇದೆ. ಒಂದು ವರ್ಷದ ಮೂಲ ಸರಣಿಯ ಕಾರ್ಡುಗಳ ನಡುವೆ, ಅದಕ್ಕೆ ಸೇರದ ಬೇರೆ ವಿನ್ಯಾಸದ ಅಪರೂಪದ ಕಾರ್ಡನ್ನು ಅಲ್ಲೊಂದು ಇಲ್ಲೊಂದು ಸೇರಿಸುತ್ತಾರೆ. ಅದನ್ನು ಇನ್ಸರ್ಟ್ ಎನ್ನುತ್ತಾರೆ. ಎಷ್ಟು ಪ್ಯಾಕೆಟ್ಟಿಗೆ ಒಂದು ಎಂಬ ಪ್ರಮಾಣ ಬೆನ್ನಿನ ಮೇಲೆ ಅಚ್ಚಾಗಿರುತ್ತದೆ. 1980ರ ದಶಕದ ಕೊನೆಯಲ್ಲಿ ಕಂಪನಿಗಳು ಬೇಡಿಕೆಗೆ ಮಾರುಹೋಗಿ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿ, ಕಾರ್ಡುಗಳಿಗೆ ಬೆಲೆಯೇ ಇಲ್ಲದಂತೆ ಮಾಡಿದ್ದವು. ಅದರ ಬಳಿಕ ಗಿರಾಕಿಯನ್ನು ಮತ್ತೆ ಪ್ಯಾಕೆಟ್ಟಿನ ಕಡೆಗೆ ಎಳೆದದ್ದು ಈ ಅಪರೂಪದ ಕಾರ್ಡುಗಳೇ. 1993ರಲ್ಲಿ ಟಾಪ್ಸ್ ಕಂಪನಿ ‘ಫೈನೆಸ್ಟ್’ ಎಂಬ ದುಬಾರಿ ಸರಣಿಯನ್ನು ತಂದು, ಅದರ 199 ಕಾರ್ಡುಗಳಿಗೂ ‘ರಿಫ್ರ್ಯಾಕ್ಟರ್’ ಎಂಬ ಮಿನುಗುವ ಜೋಡಿಯನ್ನು ಮಾಡಿ, ಸುಮಾರು 18 ಪ್ಯಾಕೆಟ್ಟಿಗೆ ಒಂದರಂತೆ ಹಾಕಿತು. ಕಟ್ಟುನಿಟ್ಟಾಗಿ ಹೇಳಬೇಕೆಂದರೆ ರಿಫ್ರ್ಯಾಕ್ಟರ್ ಇನ್ಸರ್ಟ್ ಅಲ್ಲ. ಮೂಲ ಕಾರ್ಡಿನದೇ ಚಿತ್ರ, ಅದರದೇ ಸಂಖ್ಯೆ, ಹೊಳಪು ಮಾತ್ರ ಬೇರೆಯಾದ ಪ್ಯಾರಲೆಲ್. ಈ ವ್ಯತ್ಯಾಸದ ಬಗ್ಗೆ ಸಂಗ್ರಾಹಕರು ಗಂಟೆಗಟ್ಟಲೆ ವಾದ ಮಾಡಬಲ್ಲರು. ನನ್ನ ಮಟ್ಟಿಗೆ ಹೊಳೆಯುವುದೆಲ್ಲ ಒಂದೇ ಜಾತಿ.

ಆ ಹೊಳಪಿನ ಬಗ್ಗೆ ಸ್ವಲ್ಪ ಹೇಳಬೇಕು. ಕ್ರೋಮ್ ಕಾರ್ಡೆಂದರೆ ರಟ್ಟಿನ ಮುಂಬದಿಗೆ ಲೋಹದ ಹೊಳಪಿನ ಪದರವಿರುವ ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ಬೆಸೆದದ್ದು. ಸಾಮಾನ್ಯ ಕ್ರೋಮ್ ಹೊಸ ಸ್ಟೀಲ್ ತಟ್ಟೆಯಂತೆ ಬಿಳಿಯಾಗಿ ಹೊಳೆಯುತ್ತದೆ. ರಿಫ್ರ್ಯಾಕ್ಟರಿನಲ್ಲಿ ಬೆಳಕನ್ನು ಬಣ್ಣಗಳಾಗಿ ಒಡೆಯುವ ಇನ್ನೊಂದು ಪದರವಿರುತ್ತದೆ. ನೇರವಾಗಿ ಹಿಡಿದರೆ ಎರಡಕ್ಕೂ ಭೇದವೇ ಕಾಣುವುದಿಲ್ಲ. ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿ ಓರೆ ಹಿಡಿದರೆ, ಮಳೆ ನಿಂತ ರಸ್ತೆಯ ಮೇಲೆ ಸೋರಿದ ಪೆಟ್ರೋಲಿನಂತೆ ಹಸಿರು, ನೇರಳೆ, ಕಿತ್ತಳೆ ಬಣ್ಣಗಳ ಒಂದು ಪಟ್ಟಿ ಆಟಗಾರನ ಮುಖದಿಂದ ತೋಳಿಗೆ, ತೋಳಿನಿಂದ ಕಾರ್ಡಿನ ಅಂಚಿಗೆ ಹರಿದುಹೋಗುತ್ತದೆ. ಅಲುಗಿಸುವ ಕೈ ಬೇಕು, ಮೇಲೊಂದು ದೀಪ ಬೇಕು; ಇಲ್ಲವಾದರೆ ಅದು ಬರಿಯ ರಟ್ಟು.

ಇದೇ ಕಾರಣಕ್ಕೆ ಒಮ್ಮೆ ನಾನು ಮೋಸ ಹೋದದ್ದೂ ಉಂಟು. ಅಂತರಜಾಲದಲ್ಲಿ ಒಬ್ಬ ಮಾರಾಟಗಾರ 2004ರ ಇಚಿರೊ ರಿಫ್ರ್ಯಾಕ್ಟರ್ ಎಂದು ಹೇಳಿ ಸ್ಕ್ಯಾನ್ ಮಾಡಿದ ಚಿತ್ರ ಹಾಕಿದ್ದ. ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಬಿದ್ದ ಯಾವ ಕ್ರೋಮ್ ಕಾರ್ಡಾದರೂ ಮಬ್ಬು ಬೂದಿಯಾಗಿಯೇ ಕಾಣುತ್ತದೆ ಎಂಬುದು ಗೊತ್ತಿದ್ದೂ, ಆಸೆಗೆ ಬಿದ್ದು ಇಪ್ಪತ್ತೆರಡು ಡಾಲರ್ ಕೊಟ್ಟೆ. ಬಂದದ್ದು ಸಾಮಾನ್ಯ ಕ್ರೋಮ್. ಹಿಂಬದಿಯನ್ನು ನೋಡಿದ್ದರೆ ಸಾಕಿತ್ತು: ರಿಫ್ರ್ಯಾಕ್ಟರ್ ಆಗಿದ್ದರೆ ಕಾರ್ಡಿನ ಸಂಖ್ಯೆಯ ಬಳಿ ಆ ಪದವನ್ನೇ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಹಿಂಬದಿಯ ಚಿತ್ರವನ್ನು ಆತ ಹಾಕಿರಲಿಲ್ಲ, ನಾನೂ ಕೇಳಿರಲಿಲ್ಲ. ದೂರಿಗೆ ಉತ್ತರ ಬರಲಿಲ್ಲ.

2004ರ ಕಾರ್ಡೇ ಏಕೆ ಬೇಕಿತ್ತೆಂದರೆ ಅದಕ್ಕೊಂದು ಮನೆಯ ಕಾರಣವಿತ್ತು. 2001ರ, ಅಂದರೆ ಇಚಿರೊನ ಮೊದಲ ವರ್ಷದ ಮಿನುಗುವ ಕಾರ್ಡುಗಳು ನನ್ನ ಸಂಬಳಕ್ಕೆ ಎಟುಕುವಂಥವಲ್ಲ. ಆ ವರ್ಷದ ಬೋಮನ್ ಕ್ರೋಮ್ ಸರಣಿಯಲ್ಲಿ ಆತನ ರಿಫ್ರ್ಯಾಕ್ಟರನ್ನು ಇಂಗ್ಲಿಷಿನಲ್ಲಿ ಒಂದು, ಜಪಾನಿ ಭಾಷೆಯಲ್ಲಿ ಒಂದು ಎಂದು ಎರಡು ಬಗೆಯಲ್ಲಿ ತಂದಿದ್ದರು, ಎರಡನ್ನೂ ಗಾಜಿನ ಪೆಟ್ಟಿಗೆಯ ಹೊರಗಿನಿಂದಲೇ ನೋಡಿ ತೃಪ್ತಿಪಟ್ಟಿದ್ದೇನೆ. ಹಾಗಾಗಿ 2002ರಿಂದ ಆರಂಭಿಸಿ ವರ್ಷಕ್ಕೊಂದರಂತೆ ಟಾಪ್ಸ್ ಕ್ರೋಮ್ ರಿಫ್ರ್ಯಾಕ್ಟರುಗಳನ್ನು ಕೂಡಿಸುತ್ತಾ ಬಂದೆ. ಬೈಂಡರಿನ ಒಂದು ಪ್ಲಾಸ್ಟಿಕ್ ಹಾಳೆಯಲ್ಲಿ ಒಂಬತ್ತು ಜೇಬುಗಳಿರುತ್ತವೆ. 2002, 2003 ಇದ್ದವು; ಮೊದಲ ಸಾಲಿನ ಬಲತುದಿಯ ಜೇಬು ಖಾಲಿ; ಆಮೇಲೆ 2005ರಿಂದ 2010ರವರೆಗೆ ತುಂಬಿ, 2011ರದೊಂದು ಎರಡನೆಯ ಹಾಳೆಗೆ ಹೋಗಿತ್ತು. ಆ ಖಾಲಿ ಜೇಬಿನ ವರ್ಷವೇ ಮಗಳು ಹುಟ್ಟಿದ ವರ್ಷ. 2004ರ ಅಕ್ಟೋಬರ್ 1ರ ರಾತ್ರಿ, ಹುಟ್ಟಿ ಮೂರು ವಾರ ಕೂಡ ಆಗದಿದ್ದ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಟಿವಿಯ ಧ್ವನಿಯನ್ನು ಪೂರ್ತಿ ತಗ್ಗಿಸಿ, ಇಚಿರೊ ಟೆಕ್ಸಸ್ ರೇಂಜರ್ಸ್ ವಿರುದ್ಧ ಆ ಋತುವಿನ 258ನೆಯ ಹಿಟ್ ಹೊಡೆದದ್ದನ್ನು ನೋಡಿದ್ದೆ. 1920ರಲ್ಲಿ ಜಾರ್ಜ್ ಸಿಸ್ಲರ್ ಮಾಡಿದ್ದ 257ರ ದಾಖಲೆ 84 ವರ್ಷಗಳ ಬಳಿಕ ಬಿದ್ದಿತು. ಸಿಸ್ಲರನ ವಯಸ್ಸಾದ ಮಗಳು ಮೈದಾನದ ಅಂಚಿನ ಆಸನದಲ್ಲಿದ್ದರು. ಇಚಿರೊ ತಂಡದವರ ಅಪ್ಪುಗೆಯಿಂದ ಬಿಡಿಸಿಕೊಂಡು ಅವರ ಬಳಿಗೆ ಓಡಿಹೋಗಿ ತಲೆಬಾಗಿ ಕೈಕುಲುಕಿದ. ನಾನು ಸದ್ದಿಲ್ಲದೆ ಅತ್ತದ್ದನ್ನು ಒಳಗಿನ ಕೋಣೆಯಲ್ಲಿ ನಿದ್ದೆಗೆಟ್ಟು ಮಲಗಿದ್ದ ಹೆಂಡತಿ ನೋಡಿರಲಿಲ್ಲ.

ಸರಿ, ಆ ಸೋಮವಾರಕ್ಕೆ ಮರಳುತ್ತೇನೆ. ನಾಲ್ಕು ಗಂಟೆಗೇ ಕಚೇರಿಯಿಂದ ಹೊರಟೆ. ಮಗಳ ಬೇಸಿಗೆ ಶಿಬಿರ ಬಿಡಲು ಇನ್ನೊಂದು ಗಂಟೆಯಿತ್ತು. ದಾರಿಯಲ್ಲಿ, ಡ್ರೈಕ್ಲೀನಿಂಗ್ ಅಂಗಡಿಗೂ ಹಲ್ಲಿನ ವೈದ್ಯರಿಗೂ ನಡುವೆ ಸಿಕ್ಕಿಕೊಂಡಂತಿದ್ದ ಒಂದು ಕಿರಿದಾದ ಕಾರ್ಡಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಅರವತ್ತು ದಾಟಿದ ಮಾಲೀಕರು ಕನ್ನಡಕವನ್ನು ಹಣೆಗೇರಿಸಿಕೊಂಡು ರೇಡಿಯೊ ಕೇಳುತ್ತಿದ್ದರು. ಯುವ ಆಟಗಾರರಿಗೆ ದಾರಿ ಬಿಡಬೇಕೆಂದು ಇಚಿರೊ ತಾನೇ ಕೇಳಿಕೊಂಡು ಹೊರಟನೆಂದು ರೇಡಿಯೊದಲ್ಲಿ ಹೇಳುತ್ತಿದ್ದರು. ಆ ಋತುವಿನಲ್ಲಿ ಆತನ ಸರಾಸರಿ .261ಕ್ಕೆ ಇಳಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಾಲೀಕರು ಒಂದು ಉದ್ದನೆಯ ಬಿಳಿ ರಟ್ಟಿನ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು, “ಮಧ್ಯಾಹ್ನದಿಂದ ನೀವು ನಾಲ್ಕನೆಯವರು, ಎಲ್ಲಾ ಇದರಲ್ಲೇ ಇವೆ, ನೋಡಿ” ಎಂದರು.

ಆ ಪೆಟ್ಟಿಗೆಯಲ್ಲಿ ಬೆರಳಾಡಿಸುವುದೇ ಒಂದು ಸುಖ. ನಡುಬೆರಳು ಮತ್ತು ಹೆಬ್ಬೆರಳಿನಿಂದ ಕಾರ್ಡುಗಳನ್ನು ಒಂದೊಂದಾಗಿ ಮುಂದಕ್ಕೆ ಬಾಗಿಸುತ್ತಾ ಹೋಗಬೇಕು. ಎಲೆ ಅಡಿಕೆ ವ್ಯಾಪಾರಿ ವೀಳ್ಯದೆಲೆಯ ಕಟ್ಟನ್ನು ಎಣಿಸುವ ಹಾಗೆ. ಚಿನ್ನದ ಹಾಳೆಯ ಅಚ್ಚಿನವು, ಅಂಚು ಕತ್ತರಿಸಿದವು, ಅಡ್ಡಡ್ಡಲಾದವು ಎಲ್ಲವೂ ಇದ್ದವು. ಬ್ಯಾಟಿನ ಚೂರನ್ನೋ ಅಂಗಿಯ ತುಂಡನ್ನೋ ಒಳಗೆ ಹುದುಗಿಸಿದ ದಪ್ಪ ಕಾರ್ಡುಗಳೂ ಇದ್ದವು. 1997ರಲ್ಲಿ ಅಪ್ಪರ್ ಡೆಕ್ ಕಂಪನಿ ಕೆನ್ ಗ್ರಿಫಿ ಜೂನಿಯರ್ ಮೊದಲಾದ ಮೂವರ ಅಂಗಿಗಳನ್ನು ತುಂಡರಿಸಿ ಬೇಸ್‌ಬಾಲ್ ಕಾರ್ಡಿಗೆ ತಂದ ಈ ಪದ್ಧತಿ ನನಗೆ ಎಂದೂ ಒಗ್ಗಿಲ್ಲ. ಪೀತಾಂಬರವನ್ನು ಕತ್ತರಿಸಿ ಊರಿಗೆಲ್ಲ ಎಳೆ ಹಂಚಿದರೆ ಯಾರ ಬಳಿಯೂ ಪೀತಾಂಬರ ಉಳಿಯುವುದಿಲ್ಲ.

ಪೆಟ್ಟಿಗೆಯ ಮುಕ್ಕಾಲು ಭಾಗ ದಾಟಿದ ಮೇಲೆ 2004ರ ಕ್ರೋಮ್ ಸಿಕ್ಕಿತು. ಒಂದಲ್ಲ, ಮೂರು. ಮೂರೂ ಒಂದೊಂದು ತೆಳು ಪ್ಲಾಸ್ಟಿಕ್ ಕವಚದಲ್ಲಿದ್ದವು, ಮೂರರ ಮೇಲೂ ಎರಡು ಡಾಲರ್ ಎಂಬ ಚೀಟಿ ಅಂಟಿತ್ತು. ಸಾಮಾನ್ಯ ಕ್ರೋಮ್ ನನ್ನಲ್ಲಿ ಇದ್ದೇ ಇತ್ತು, ಇಪ್ಪತ್ತೆರಡು ಡಾಲರಿನದು. ಹಾಗಿದ್ದೂ ಅಭ್ಯಾಸಬಲದಿಂದ ಮೂರನ್ನೂ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಮಣಿಕಟ್ಟು ತಿರುಗಿಸಿದೆ. ಮೊದಲನೆಯದು ಬಿಳಿ. ಎರಡನೆಯದು ಬಿಳಿ. ಮೂರನೆಯದರ ಮೇಲೆ ಮೂಲೆಯಿಂದ ಮೂಲೆಗೆ ಹಸಿರಿನ ಒಂದು ಅಲೆ ಎದ್ದು, ನೇರಳೆಯಾಗಿ ಅಂಚಿನಲ್ಲಿ ಇಳಿದುಹೋಯಿತು. ಕಾರ್ಡನ್ನು ಮಗುಚಿದೆ. ಸಂಖ್ಯೆಯ ಬಳಿ, ಸಾಸಿವೆಯಷ್ಟು ಸಣ್ಣದಾಗಿ, ಆ ಪದವಿತ್ತು.

ನನ್ನ ಎದೆ ಹೊಡೆದುಕೊಂಡ ಸದ್ದು ಮಾಲೀಕರಿಗೆ ಕೇಳಿಸಿತೇನೋ ಎಂಬ ಅಳುಕಿನಲ್ಲೇ ಕಾರ್ಡನ್ನು ನೇರ ಮಾಡಿ ಹಿಡಿದೆ. ನೇರ ಹಿಡಿದಾಗ ಅದು ಮತ್ತೆ ಎರಡು ಡಾಲರಿನ ಕಾರ್ಡೇ ಆಯಿತು. ಇದು ರಿಫ್ರ್ಯಾಕ್ಟರ್, ತಪ್ಪಿ ಇಲ್ಲಿ ಸೇರಿದೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಹೇಳದಿರುವುದಕ್ಕೆ ಮನಸ್ಸು ಕ್ಷಣಾರ್ಧದಲ್ಲಿ ಹೂಡಿದ ವಾದಗಳನ್ನು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ: ವ್ಯಾಪಾರಿಗೇ ತನ್ನ ಸರಕಿನ ಪರಿಚಯವಿರಬೇಕು, ಚೀಟಿ ಅಂಟಿಸಿದ್ದು ನಾನಲ್ಲ, ಇದೇ ಕಾರ್ಡಿಗೆ ನಾನು ಒಮ್ಮೆ ಇಪ್ಪತ್ತೆರಡು ಡಾಲರ್ ಕಳೆದುಕೊಂಡಿದ್ದೇನೆ, ಲೆಕ್ಕ ಸರಿಹೋಯಿತು. ಕಳೆದದ್ದು ಯಾರಿಂದಲೋ, ವಸೂಲು ಮಾಡುತ್ತಿರುವುದು ಇನ್ಯಾರಿಂದಲೋ ಎಂಬ ಸರಳ ಮಾತು ಆಗ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು, ಪಕ್ಕಕ್ಕೆ ಸರಿಸಿದೆ. ಅನುಮಾನ ಬಾರದಿರಲೆಂದು ಜೊತೆಗೆ ಬೇಡದ ಇನ್ನೊಂದು ಕಾರ್ಡನ್ನೂ ಎತ್ತಿಕೊಂಡೆ. ಕಳ್ಳನ ಬುದ್ಧಿ ಕೆಲಸ ಮಾಡುವುದು ಹಾಗೆಯೇ ಇರಬೇಕು. ಮಾಲೀಕರು ಎರಡನ್ನೂ ತಿರುಗಿಸಿ ಕೂಡ ನೋಡದೆ ನಾಲ್ಕು ಡಾಲರ್ ಮತ್ತು ತೆರಿಗೆ ಪಡೆದು, ಟಾಪ್ ಲೋಡರ್ ಎನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚವೊಂದನ್ನು ಬಿಟ್ಟಿಯಾಗಿ ಕೊಟ್ಟು, “ಮೂಲೆ ಜೋಪಾನ” ಎಂದರು.

ಮಗಳನ್ನು ಶಿಬಿರದಿಂದ ಕರೆದುಕೊಂಡು, ಐ-90 ಹೆದ್ದಾರಿಯಲ್ಲಿ ಸರೋವರ ದಾಟಿ ಕ್ರೀಡಾಂಗಣ ಸೇರುವಷ್ಟರಲ್ಲಿ ಆರೂವರೆ. ಇಚಿರೊ ಕ್ಷೇತ್ರರಕ್ಷಣೆಗೆ ನಿಲ್ಲುತ್ತಿದ್ದ ರೈಟ್ ಫೀಲ್ಡ್ ಕಡೆಯ ಆಸನಗಳಿಗೆ ಆತನ ಅಂಗಿಯ ಸಂಖ್ಯೆಯಿಂದಾಗಿ ‘ಏರಿಯಾ 51’ ಎಂಬ ಹೆಸರಿತ್ತು; ನಮ್ಮ ಟಿಕೆಟ್‌ಗಳೂ ಅದರ ಹತ್ತಿರವೇ. ಸುತ್ತಲೂ 51ರ ಅಂಗಿಗಳು, ಜಪಾನಿ ಅಕ್ಷರಗಳ ಬಾವುಟಗಳು. ಜನ ಸಂಭ್ರಮಿಸಬೇಕೋ ದುಃಖಿಸಬೇಕೋ ತಿಳಿಯದೆ, ಮದುವೆಯಾದ ಮಗಳನ್ನು ಕಳಿಸಿಕೊಡುವ ಚಪ್ಪರದ ಕೆಳಗೆ ನಿಂತವರಂತೆ ಮಾತಾಡಿಕೊಳ್ಳುತ್ತಿದ್ದರು. ಯಾಂಕೀಸ್ ತಂಡದಲ್ಲಿ 51 ಎಂಬುದು ಬರ್ನಿ ವಿಲಿಯಮ್ಸ್ ತೊಟ್ಟ ಸಂಖ್ಯೆಯಾದ್ದರಿಂದ ಇಚಿರೊ ಅದನ್ನು ಗೌರವದಿಂದ ಬಿಟ್ಟು 31ನ್ನು ತೆಗೆದುಕೊಂಡಿದ್ದ. ಬೂದು ಬಣ್ಣದ ಉಡುಪಿನಲ್ಲಿ ಆತ ನಮ್ಮ ಕಡೆಯ ಮೂಲೆಗೇ ಓಡಿಬಂದು ನಿಂತಾಗ ಮಗಳು, “ಅಪ್ಪಾ, ಅವನ ಬಣ್ಣ ತಪ್ಪಿದೆ” ಎಂದಳು.

ಮೂರನೆಯ ಇನಿಂಗ್ಸಿನಲ್ಲಿ ಆತನ ಸರದಿ ಬಂತು. ವರ್ಷಗಟ್ಟಲೆ ಮೊದಲಿಗನಾಗಿ ಆಡಿದವನನ್ನು ಅಂದು ಎಂಟನೆಯ ಸ್ಥಾನಕ್ಕೆ ಹಾಕಿದ್ದರು. ಆತ ಬ್ಯಾಟು ಹಿಡಿದು ನಡೆದು ಬರುತ್ತಿದ್ದಂತೆ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಚಪ್ಪಾಳೆ ನಿಲ್ಲಲಿಲ್ಲ. ಎಸೆತಗಾರ ಕೆವಿನ್ ಮಿಲ್‌ವುಡ್ ಅವಸರ ಮಾಡದೆ ಕಾದ. ಇಚಿರೊ ಶಿರಸ್ತ್ರಾಣ ತೆಗೆದು ಒಮ್ಮೆ ಒಂದು ದಿಕ್ಕಿಗೆ, ತಿರುಗಿ ಇನ್ನೊಂದು ದಿಕ್ಕಿಗೆ, ಸೊಂಟದಿಂದ ಬಾಗಿ ನಮಸ್ಕರಿಸಿದ. ಆಮೇಲೆ ಎಂದಿನಂತೆ ಬಲಗೈ ಚಾಚಿ, ತೋಳಿನ ಬಟ್ಟೆ ಎಳೆದುಕೊಂಡ. ಬಣ್ಣ ಬದಲಾಗಿತ್ತು, ಆ ಎಳೆತ ಬದಲಾಗಿರಲಿಲ್ಲ. ಚೆಂಡು ನಡುಮೈದಾನಕ್ಕೆ ಸಿಡಿಯಿತು, ಆತ ಮೊದಲ ನೆಲೆ ಸೇರಿದ, ಬೆನ್ನಿಗೇ ಎರಡನೆಯ ನೆಲೆಯನ್ನೂ ಕದ್ದ. ನಮ್ಮ ತಂಡದ ವಿರುದ್ಧ ಕದ್ದ ನೆಲೆಗೆ ನಮ್ಮ ಜನರೇ ಕೇಕೆ ಹಾಕಿದರು. ಆಟವನ್ನು ಯಾಂಕೀಸ್ 4-1ರಿಂದ ಗೆದ್ದಿತು. ಉಳಿದದ್ದೇನೂ ನನಗೆ ನೆನಪಿಲ್ಲ.

ಇನಿಂಗ್ಸುಗಳ ನಡುವೆ ಅಂಗಿಯ ಜೇಬಿನಿಂದ ಟಾಪ್ ಲೋಡರನ್ನು ತೆಗೆದು ಮಗಳ ಕೈಗೆ ಕೊಟ್ಟೆ. ಕಡಲೆಕಾಯಿಯ ಉಪ್ಪಿನ ಬೆರಳುಗಳನ್ನು ಅವಳು ತಾನಾಗಿಯೇ ಚಡ್ಡಿಗೆ ಒರೆಸಿಕೊಂಡಳು. ಅಷ್ಟು ಶಿಕ್ಷಣ ಮನೆಯಲ್ಲಿ ಆಗಿತ್ತು. ಕ್ರೀಡಾಂಗಣದ ಹೊನಲು ಬೆಳಕಿಗೆ ಆ ಕಾರ್ಡು ಅಂಗಡಿಯಲ್ಲಿ ತೋರಿಸಿದ್ದಕ್ಕಿಂತ ಹತ್ತು ಪಾಲು ಹೆಚ್ಚು ಬಣ್ಣಗಳನ್ನು ತೋರಿಸಿತು. ನೂರಾರು ದೀಪಗಳಿದ್ದುದರಿಂದ ಒಂದು ಪಟ್ಟಿಯ ಬದಲು ಹತ್ತಾರು ಪಟ್ಟಿಗಳು ಒಂದನ್ನೊಂದು ಹಾದು ಓಡುತ್ತಿದ್ದವು. ಅವಳು ಅದನ್ನು ಆಚೆ ಈಚೆ ಓರೆ ಮಾಡುತ್ತಾ, ಹಿಂಬದಿಗೆ ತಿರುಗಿಸಿ, ಲೆಕ್ಕದ ಸಾಲುಗಳನ್ನು ಬೆರಳಿಟ್ಟು ಓದಿದಳು: 2001ಕ್ಕೆ 242, 2002ಕ್ಕೆ 208, 2003ಕ್ಕೆ 212. “ನಾನು ಹುಟ್ಟಿದ ವರ್ಷದ 262 ಎಲ್ಲಿ?” ಎಂದು ಕೇಳಿದಳು. ಆ ವರ್ಷದ ಕಾರ್ಡು ಅಚ್ಚಾದದ್ದು ಆ ಋತುವಿನ ಆಟಗಳೆಲ್ಲ ಮುಗಿಯುವ ಮೊದಲು, ಆದ್ದರಿಂದ ಅದಕ್ಕೆ ಮುಂದಿನದು ಗೊತ್ತಿಲ್ಲ, 262 ಕಾಣಬೇಕಾದರೆ 2005ರ ಕಾರ್ಡಿನ ಬೆನ್ನು ನೋಡಬೇಕು ಎಂದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಎಷ್ಟು ಕೊಟ್ಟೆ ಎಂದು ಕೇಳಿದಳು. ಎರಡು ಡಾಲರ್ ಎಂದೆ. ನನ್ನ ಸಂಗ್ರಹದ ದರಗಳು ಅವಳಿಗೆ ಬಾಯಿಪಾಠವಾಗಿದ್ದವು.

“ಅಪ್ಪಾ, ಅಂಗಡಿಯವರಿಗೆ ಇದು ಮಿನುಗೋದು ಅಂತ ಗೊತ್ತಿತ್ತಾ?”

ಮೈದಾನದ ಕಡೆ ನೋಡುತ್ತಾ, ಮುಂದಿನ ಬ್ಯಾಟುಗಾರ ಯಾರೆಂದು ಅವಳಿಗೆ ತೋರಿಸಿದೆ.

ಆ ರಾತ್ರಿ ಮನೆಗೆ ಬಂದು ಕಾರ್ಡನ್ನು ಮೊದಲ ಹಾಳೆಯ ಮೇಲಿನ ಸಾಲಿನ ಬಲತುದಿಯ ಜೇಬಿಗೆ ಇಳಿಸಿದೆ. ಸಂಗ್ರಹ ಪೂರ್ತಿಯಾದಾಗ ಆಗುವ ಖುಷಿಯನ್ನು ಎಂಟು ವರ್ಷ ಕಲ್ಪಿಸಿಕೊಂಡಿದ್ದೆ. ಅಂದು ಪೂರ್ತಿಯಾದದ್ದು ನನ್ನ ಪ್ರಯತ್ನದಿಂದಲ್ಲ. ಎರಡು ತಂಡಗಳ ಆಡಳಿತಗಳು ಒಂದು ಮಧ್ಯಾಹ್ನ ಮಾಡಿಕೊಂಡ ಒಪ್ಪಂದದಿಂದ ಸಾಲು ಅಲ್ಲಿಗೇ ಮುಗಿದಿತ್ತು. ಯಾಂಕೀಸ್ ಉಡುಪಿನ ಇಚಿರೊನನ್ನು ಮುಂದಿನ ಜೇಬಿಗೆ ಹಾಕಬೇಕೇ ಎಂಬ ಪ್ರಶ್ನೆ ಕೆಲವು ವಾರ ಕಾಡಿತು. ಮೆಚ್ಚಿದ್ದು ಆಟಗಾರನನ್ನೋ, ಅವನ ಮೂಲಕ ನನ್ನದಾದ ಈ ಊರನ್ನೋ ಎಂದು ಕೇಳಿಕೊಂಡೆ, ಉತ್ತರ ಖಚಿತವಾಗಲಿಲ್ಲ, ಕಾರ್ಡನ್ನೂ ಕೊಳ್ಳಲಿಲ್ಲ. 2016ರ ಆಗಸ್ಟ್‌ನಲ್ಲಿ ಮಯಾಮಿ ಮಾರ್ಲಿನ್ಸ್ ಪರ ಆತ 3,000ನೆಯ ಹಿಟ್ ಹೊಡೆದಾಗ ಕುಣಿದಾಡಿದೆ. ಆಗಲೂ ಎರಡನೆಯ ಹಾಳೆಯ ಎಂಟು ಜೇಬುಗಳು ಖಾಲಿಯೇ ಇದ್ದವು.

ಅಂಗಡಿಗೆ ಮರಳಿ ಹೋಗಿ ಹೇಳಿಬಿಡಬೇಕೆಂದು ತೀರ್ಮಾನಿಸಲು ನನಗೆ ಎರಡು ತಿಂಗಳು ಬೇಕಾಯಿತು. ಇಪ್ಪತ್ತು ಡಾಲರಿನ ನೋಟನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದೆ. ಡ್ರೈಕ್ಲೀನಿಂಗ್ ಅಂಗಡಿಯೂ ಹಲ್ಲಿನ ವೈದ್ಯರೂ ಹಾಗೆಯೇ ಇದ್ದರು. ನಡುವಿನ ಗಾಜಿಗೆ ಒಳಗಿನಿಂದ ಕಂದು ಕಾಗದ ಅಂಟಿಸಿ, ಬಾಡಿಗೆಗೆ ಇದೆ ಎಂಬ ಫಲಕ ತೂಗುಹಾಕಿದ್ದರು. ಪಕ್ಕದವರನ್ನು ಕೇಳಿದರೆ, ಮಾಲೀಕರು ಮಗನ ಊರಿಗೆ ಹೋದರೆಂದಷ್ಟೇ ತಿಳಿಯಿತು, ಯಾವ ಊರೆಂದು ಅವರಿಗೂ ಗೊತ್ತಿರಲಿಲ್ಲ.

2019ರ ಮಾರ್ಚ್ 21ರಂದು, ಮತ್ತೆ ಮ್ಯಾರಿನರ್ಸ್ ಆಟಗಾರನಾಗಿಯೇ, ಟೋಕಿಯೊ ಡೋಮ್‌ನಲ್ಲಿ ಇಚಿರೊ ಆಟಕ್ಕೆ ವಿದಾಯ ಹೇಳಿದ. ಆ ವರ್ಷದ ಜುಲೈನಲ್ಲಿ ಊರಿಗೆ ಹೋದಾಗ ಅಪ್ಪಯ್ಯನಿಗೆ ತೋರಿಸೋಣವೆಂದು ಬೈಂಡರನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋದದ್ದು ನನ್ನ ಮೂರ್ಖತನ. ಮಲೆನಾಡಿನ ಆಟಿ ತಿಂಗಳ ಮಳೆಯಲ್ಲಿ ಗೋಡೆಯೇ ಬೆವರುವಾಗ ರಟ್ಟು ಸುಮ್ಮನಿರುತ್ತದೆಯೇ? ಕಾರ್ಡಿನ ಹಿಂಬದಿಯ ಕಾಗದ ತೇವ ಕುಡಿದು ಹಿಗ್ಗುತ್ತದೆ, ಮುಂಬದಿಯ ಪೊರೆ ಹಿಗ್ಗುವುದಿಲ್ಲ. ಆದ್ದರಿಂದ ಅಂಚುಗಳು ಮುಂದಕ್ಕೆ ಎದ್ದು ಇಡೀ ಕಾರ್ಡು ಒಳಬಾಗುತ್ತದೆ. ನಾಲ್ಕನೆಯ ದಿನ ಬೈಂಡರ್ ತೆರೆದರೆ ಹತ್ತೂ ಕಾರ್ಡುಗಳು ಜೇಬಿನೊಳಗೇ ಬಿಲ್ಲಾಗಿದ್ದವು. ಅಪ್ಪಯ್ಯ ಒಂದನ್ನು ಹೊರತೆಗೆದು ಅಂಗೈಯಲ್ಲಿಟ್ಟುಕೊಂಡು, “ಎಂತದಾ ಇದು, ಹಪ್ಪಳದ ಹಂಗೆ ಮುರುಟಿದ್ಯಲ್ಲ” ಎಂದು, ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಎರಡೇ ದಿನಕ್ಕೆ ಸರಿಯಾಗುತ್ತದೆಂದು ಎದ್ದೇಬಿಟ್ಟರು. ಹೊಗೆ ಹಿಡಿದ ಇಚಿರೊನನ್ನು ಕಲ್ಪಿಸಿಕೊಂಡು ಬೆಚ್ಚಿದ ನಾನು, ಅವರನ್ನು ತಡೆದು, ಹಪ್ಪಳದ ಡಬ್ಬವನ್ನು ಬರಿದು ಮಾಡಿ, ಕಾರ್ಡುಗಳನ್ನು ಎರಡು ರಟ್ಟುಗಳ ನಡುವೆ ಒತ್ತಿಟ್ಟು, ಮಾತ್ರೆಯ ಸೀಸೆಗಳಲ್ಲಿ ಬರುವ ತೇವ ಹೀರುವ ಪುಡಿಯ ಪೊಟ್ಟಣಗಳನ್ನು ಮನೆಯೆಲ್ಲ ಹುಡುಕಿ ತಂದು ಅದರಲ್ಲಿ ಹಾಕಿ, ಮುಚ್ಚಳ ಬಿಗಿದೆ. ಮುಚ್ಚುವ ಮೊದಲು ಅಪ್ಪಯ್ಯ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಎರಡೂ ಬದಿಯನ್ನು ನೋಡಿ, ಬೆಲೆ ಮಾತ್ರ ಕೇಳಿದರು, ಹತ್ತರದ್ದೂ. ಎಲ್ಲವನ್ನೂ ಹೇಳಿದೆ, ಎರಡು ಡಾಲರಿನದಕ್ಕೆ ಬಂದಾಗ ಅದರ ಕಥೆಯನ್ನೂ ಹೇಳಿದೆ. ಅವರು “ಹೂಂ” ಎಂದು ಅದನ್ನು ಉಳಿದವುಗಳ ಮೇಲೆ ಇಟ್ಟರು.

ಸಿಯಾಟಲ್‌ಗೆ ಮರಳಿದ ಮೇಲೆ, ಒಣ ಬೇಸಿಗೆಯ ಕೋಣೆಯಲ್ಲಿ ಕಾರ್ಡುಗಳು ತಿಂಗಳೊಪ್ಪತ್ತಿನಲ್ಲಿ ತಾವಾಗಿಯೇ ಸಪಾಟಾದವು. ಒಂದನ್ನು ಬಿಟ್ಟು. ಎಲ್ಲಕ್ಕಿಂತ ಮೇಲಿದ್ದುದಕ್ಕೋ ಏನೋ, 2004ರದು ಇಂದಿಗೂ ಒಂದು ಕೂದಲೆಳೆಯಷ್ಟು ಬಾಗಿಯೇ ಇದೆ. ಭಾರ ಹೇರಿ ನೋಡಿದೆ, ಜಗ್ಗಲಿಲ್ಲ. ಬೈಂಡರ್ ತೆರೆದರೆ ಉಳಿದ ಒಂಬತ್ತು ಕಾರ್ಡುಗಳೂ ಓರೆ ಮಾಡುವವರೆಗೆ ಬೂದಿಯಾಗಿ ಮಲಗಿರುತ್ತವೆ. ಮೇಲಿನ ಸಾಲಿನ ಬಲತುದಿಯದು ಮಾತ್ರ, ದೀಪ ಯಾವ ಕಡೆಯಿದ್ದರೂ, ಬಾಗಿದ ಮೈಯ ಎಲ್ಲಾದರೊಂದು ಕಡೆ ಹಸಿರಿನ ಒಂದು ಗೆರೆಯನ್ನು ಹಿಡಿದುಕೊಂಡೇ ಇರುತ್ತದೆ.